ಬೆಲ್ಲು ನಾಲ್ಕಂಗುಲ ಎಡಕ್ಕೆ

ಮೇ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ, ಹೋಳೂರಿನ ಮುನಿರಾಮಪ್ಪನ ಸೈಕಲ್ಲಿನ ಬೆಲ್ಲನ್ನು ಅದು ಮೂವತ್ತೊಂದು ವರ್ಷದಿಂದ ಇದ್ದ ಜಾಗದಿಂದ ನಾಲ್ಕಂಗುಲ ಎಡಕ್ಕೆ ಸರಿಸಲಾಯಿತು. ಈ ಸಂಗತಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಪಂಚಾಯ್ತಿಯವರು ನಿರ್ಣಯ ಮಾಡಲಿಲ್ಲ. ಆದರೆ ಆ ಮನೆಯ ಐದೂ ಜನ ಅಂಗಳದಲ್ಲಿ ನೆರೆದಿದ್ದರು. ಕೊಟ್ಟಿಗೆಯ ಎರಡು ಸೀಮೆಹಸುಗಳು ಕೂಡ ಮೇವು ಬಿಟ್ಟು ಕತ್ತು ಹೊರಳಿಸಿ ನೋಡಿದವು.

ಸ್ಪಾನರ್ ಹಿಡಿದವನು ಮಗ ಉಮಾಶಂಕರ. ಬೆಲ್ಲಿದ್ದ ಜಾಗದಲ್ಲಿ ಅವನು ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಒಂದನ್ನು ಕೂರಿಸಿ ತಿರುಪು ಬಿಗಿದ.

ಮುನಿರಾಮಪ್ಪ ಹೆಬ್ಬೆರಳು ಚಾಚಿ ನೋಡಿದ. ಬೆರಳು ಕ್ಯಾಮೆರಾಕ್ಕೆ ತಾಕಿತು. "ಲೇ, ಬೆಲ್ಲು ಸಿಕ್ತಾ ಇಲ್ಲ ಕಣೋ."

"ಇನ್ನೊಂಚೂರು ಚಾಚಪ್ಪ."

"ಬೆಲ್ ಹೊಡೆಯೋಕೆ ಕೈ ಚಾಚಬೇಕು ಅನ್ನೋದಾದ್ರೆ ಬಾಯಲ್ಲೇ ಕೂಗ್ತೀನಿ ಬಿಡು."

ಇದಕ್ಕೆಲ್ಲ ಕಾರಣ ಒಂದು ಟವೆಲ್ಲು. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಮುನಿರಾಮಪ್ಪ ಹಾಲಿನ ಕ್ಯಾನನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಡೇರಿಗೆ ಹೋಗುವಾಗ, ಕೋಲಾರದ ಕಡೆ ಹೊರಟಿದ್ದ ಬಸ್ಸೊಂದು ಅವನ ಮೊಳಕೈಗೆ ಗೇಣು ದೂರದಲ್ಲಿ ಹಾದುಹೋಯಿತು. ಹೆಗಲ ಮೇಲಿನ ಟವೆಲ್ಲು ಹಾರಿ ಬಸ್ಸಿನ ಹಿಂದಿನ ಏಣಿಗೆ ಸಿಕ್ಕಿಕೊಂಡು, ಟಿಕೆಟ್ಟಿಲ್ಲದೆ ಕೋಲಾರಕ್ಕೆ ಹೋಯಿತು. ಅವತ್ತು ಮನೆಗೆ ಬಂದವನು ಟವೆಲ್ಲಿನ ಬಗ್ಗೆ ಮಾತ್ರ ಬೈದ. ಗೇಣು ದೂರದ ವಿಷಯ ಡೇರಿಯ ಸೆಕ್ರೆಟರಿ ಫೋನು ಮಾಡಿದ ಮೇಲೆ ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ ಉಮಾಶಂಕರ ಮುದ್ದೆ ಮುರಿಯದೆ ಹೇಳಿದ. "ಇನ್ನು ಸೈಕಲ್ ಬೇಡಪ್ಪ. ಅರುವತ್ತೆಂಟು ವರ್ಷ ನಿಂಗೆ. ರಜನಿ ಸ್ಕೂಟರಲ್ಲಿ ಹಾಕ್ಬಿಟ್ಟು ಬರ್ತಾಳೆ."

"ರಜನಿಗೆ ಬೇರೆ ಕೆಲ್ಸ ಇಲ್ವಾ?"

"ಇದೆ ಮಾವ," ಎಂದಳು ಸೊಸೆ ರಜನಿ, ಸಾರು ಬಡಿಸುತ್ತ. "ಆದ್ರೂ ಹೋಗ್ತೀನಿ. ಎಂಟು ನಿಮಿಷದ ಕೆಲ್ಸ."

ಮುನಿರಾಮಪ್ಪನಿಗೆ ನೋವಾದದ್ದು ಅಲ್ಲಿ. ತೋಟದ ಮನೆಯಿಂದ ಡೇರಿಗೆ ಎರಡು ಕಿಲೋಮೀಟರು. ಅವನಿಗೆ ಅದು ಒಂದೂವರೆ ಗಂಟೆಯ ಕೆಲಸ. ಹಾಲು ಅಳೆಸಬೇಕು, ಫ್ಯಾಟು ಕಮ್ಮಿ ಬಂತೆಂದು ಜಗಳ ಆಡಬೇಕು, ಭಾರತಮ್ಮನ ಹೋಟೆಲಿನಲ್ಲಿ ಪೇಪರು ಓದಬೇಕು, ಓದಿದ್ದನ್ನು ಓದಲು ಬಾರದವರಿಗೆ ಹೇಳಬೇಕು, ಓದಿದವರ ಜೊತೆ ವಾದ ಮಾಡಬೇಕು. ಇದನ್ನೆಲ್ಲ ಎಂಟು ನಿಮಿಷಕ್ಕೆ ಇಳಿಸಿದರೆ ಉಳಿದ ದಿನವನ್ನು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

"ನಾನು ಸತ್ತ ಮೇಲೆ ಸ್ಕೂಟರಲ್ಲಿ ಹಾಕ್ಕೊಳ್ಳಿ," ಎಂದ.

"ಅದಕ್ಕೇ ಹೇಳ್ತಿರೋದು, ಬೇಗ ಸಾಯ್ತೀಯ ಅಂತ!"

"ಥೂ, ಅನ್ನದ ಮುಂದೆ ಏನ್ ಮಾತದು?" ಎಂದು ದೊಡ್ಡಗಂಗಮ್ಮ ಮಗನನ್ನು ಗದರಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಅವನು ಹೇಳೋದ್ರಲ್ಲೂ ತಪ್ಪಿಲ್ಲ."

ಉಮಾಶಂಕರ ಮಾಲೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಸುರಕ್ಷತೆಯ ವಿಭಾಗದಲ್ಲಿದ್ದ. ಅಲ್ಲಿ ಯಾರಿಗಾದರೂ ಬೆರಳು ಕುಯ್ದುಕೊಂಡರೆ ಮೊದಲು ಫೋಟೊ, ಆಮೇಲೆ ಬ್ಯಾಂಡೇಜು. ಪ್ರೂಫ್ ಇಲ್ಲದ ಮಾತು ಅವನ ಕಿವಿಗೆ ಹೋಗುತ್ತಿರಲಿಲ್ಲ. ಒಂದು ವಾರ ಮೂರೂ ಹೊತ್ತು ಇದೇ ಜಗಳ ನಡೆದ ಮೇಲೆ, ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದ ಮೊಮ್ಮಗಳು ಚಿತ್ರಾ ಕ್ಯಾಮೆರಾದ ಉಪಾಯ ಹೇಳಿದಳು. ಯಾವನಾದರೂ ಅಡ್ಡಾದಿಡ್ಡಿ ಓಡಿಸಿದರೆ ಗಾಡಿಯ ನಂಬರ್ ಸಮೇತ ಸಿಕ್ಕಿಬೀಳುತ್ತಾನೆ, ಪೊಲೀಸಿನವರಿಗೆ ಕಳಿಸಬಹುದು.

ಪ್ರೂಫ್ ಎಂದ ಕೂಡಲೇ ಉಮಾಶಂಕರ ಮೆತ್ತಗಾದ. ಆದರೆ ಒಂದು ಷರತ್ತು ಹಾಕಿದ.

"ನಿನ್ನ ತಪ್ಪಿಂದ ಒಂದೇ ಒಂದು ಸಲ ಬಿದ್ದೆ ಅಂದ್ರೆ, ಸೈಕಲ್ ಗುಜರಿಗೆ."

"ನನ್ನ ತಪ್ಪಿಂದ ಬಿದ್ರೆ ತಾನೇ?"

"ನಿನ್ನ ತಪ್ಪಿಂದ ಬಿದ್ರೆ."

"ಆಯ್ತು ಹೋಗು," ಎಂದ ಮುನಿರಾಮಪ್ಪ. ಮೂವತ್ತೊಂದು ವರ್ಷದಲ್ಲಿ ಅವನು ತನ್ನ ತಪ್ಪಿನಿಂದ ಬಿದ್ದಿರಲಿಲ್ಲ. ಬಿದ್ದಾಗಲೆಲ್ಲ ತಪ್ಪು ನಾಯಿಯದೋ ಮರಳಿನದೋ ಆಗಿತ್ತು.

ಮೊದಲ ನಾಲ್ಕು ವಾರ ಕ್ಯಾಮೆರಾ ಆ ಮನೆಗೆ ಸುಖವನ್ನೇ ತಂದಿತು. ಸಂಜೆ ಚಿತ್ರಾ ಕ್ಯಾಮೆರಾದಿಂದ ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ತೆಗೆದು ಟೀವಿಗೆ ಹಾಕುತ್ತಿದ್ದಳು. ಧಾರಾವಾಹಿಯ ಹೊತ್ತಿಗೆ ಡೇರಿಯ ದಾರಿ ಬರುತ್ತಿತ್ತು. ದೊಡ್ಡಗಂಗಮ್ಮ ಮೊದಲೆರಡು ದಿನ ಮುನಿಸಿಕೊಂಡಳು. ಮೂರನೆಯ ದಿನ ಅವಳೇ ಮುಂದೆ ಬಂದು ಕೂತಳು, ಯಾಕೆಂದರೆ ದಾರಿಯಲ್ಲಿ ಯಾರ ಮನೆಯ ಮುಂದೆ ಯಾರು ನಿಂತಿದ್ದಾರೆ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಓಡ್ಸೇ ಚಿತ್ರಾ. ಹಾರ್ನ್ ಕೇಳಿದ ಕಡೆ ನಿಲ್ಸು," ಎನ್ನುತ್ತಿದ್ದ ಉಮಾಶಂಕರ.

ತಿರುವಿನ ಆಂಜನೇಯನ ಗುಡಿ ಬಂದಾಗ ದೊಡ್ಡಗಂಗಮ್ಮ ಟೀವಿಗೇ ಕೈ ಎತ್ತುತ್ತಿದ್ದಳು. "ನಿಧಾನ ಕಣೇ, ದೇವರು."

"ಅಜ್ಜಿ, ಅಲ್ಲಿ ಗಾಡಿ ಯಾವ್ದೂ ಇಲ್ಲ," ಎಂದು ಚಿತ್ರಾ ಮುಂದಕ್ಕೆ ಓಡಿಸಿಬಿಡುತ್ತಿದ್ದಳು. ದೇವರು ಒಂದು ಕ್ಷಣದಲ್ಲಿ ಹಾದುಹೋಗುತ್ತಿದ್ದ.

ತಿರುವಿನಲ್ಲಿ ಓವರ್‌ಟೇಕ್ ಮಾಡಿದ ಒಂದು ಟಿಪ್ಪರಿನ ವಿಡಿಯೊ ಪೊಲೀಸರಿಗೆ ಹೋಯಿತು. ಟಿಪ್ಪರಿಗೆ ದಂಡದ ನೋಟೀಸು ಬಂತು. ಈ ಸುದ್ದಿ ಭಾರತಮ್ಮನ ಹೋಟೆಲು ತಲುಪಿ, ಮುನಿರಾಮಪ್ಪ ಒಂದೇ ದಿನದಲ್ಲಿ ಕ್ಯಾಮೆರಾ ತಾತನಾದ. ಸೈಕಲ್ಲು ಕಂಡರೆ ಆಟೋದವರು ವೇಗ ಇಳಿಸಿ ನಮಸ್ಕಾರ ಮಾಡುತ್ತಿದ್ದರು. ನಷ್ಟವಾದದ್ದು ಒಂದೇ ಸಲ. ಒಂದು ಸಂಜೆ ಟೀವಿಯಲ್ಲಿ ಭಾರತಮ್ಮನ ಬಾಂಡ್ಲಿ ಎದುರಿಗೇ ಕಂಡಿತು, ಮುನಿರಾಮಪ್ಪನ ದನಿಯೂ ಕೇಳಿತು: "ಇನ್ನೆರಡು ಬೋಂಡ ಹಾಕಮ್ಮ."

"ಇನ್ನೆರಡು ಅಂದ್ರೆ ಮೊದಲು ಎಷ್ಟು?" ಎಂದಳು ದೊಡ್ಡಗಂಗಮ್ಮ. "ಡಾಕ್ಟ್ರು ಶುಗರ್ ಮುನ್ನೂರು ದಾಟಿದೆ ಅಂದಿಲ್ವಾ?"

"ಅದು ಪಕ್ಕದವನಿಗೆ ಹೇಳಿದ್ದು ಕಣೇ."

"ದನಿ ನಿಂದೇ ಅಲ್ವಾ?"

"ಪ್ರೂಫ್ ಇದೆ ತಾತ," ಎಂದು ಚಿತ್ರಾ ನಕ್ಕಳು. ಮಾರನೆಯ ದಿನದಿಂದ ಮುನಿರಾಮಪ್ಪ ಸೈಕಲ್ಲನ್ನು ಹೋಟೆಲಿಗೆ ಬೆನ್ನು ಮಾಡಿ ನಿಲ್ಲಿಸತೊಡಗಿದ.

ಜೂನ್ ಹನ್ನೊಂದರ ಬೆಳಿಗ್ಗೆ ಅವನು ಬಿದ್ದ.

ಮಾವಿನ ಕಾಲ. ಶ್ರೀನಿವಾಸಪುರದ ಮಂಡಿಗೆ ಹೋಗಿಬರುವ ಗಾಡಿಗಳು ರಸ್ತೆಯನ್ನು ತಮ್ಮದೇ ಮಾಡಿಕೊಂಡಿದ್ದವು. ಆಂಜನೇಯನ ಗುಡಿಯ ತಿರುವಿನಲ್ಲಿ ಹಿಂದಿನಿಂದ ಬಂದ ಕ್ಯಾಂಟರ್ ಲಾರಿಯ ಕನ್ನಡಿ ಹಾಲಿನ ಕ್ಯಾನಿಗೆ ತಾಕಿತು. ಎಂಟು ಲೀಟರು ಹಾಲು ರಸ್ತೆಗೆ, ಮುನಿರಾಮಪ್ಪ ಮೋರಿಯ ಪಕ್ಕಕ್ಕೆ. ಕ್ಯಾಂಟರಿನ ಹುಡುಗ ಗಾಡಿ ನಿಲ್ಲಿಸಿ ಓಡಿಬಂದು, ಅವನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಅಷ್ಟರಲ್ಲಿ ಜನ ಸೇರಿ ಆ ಹುಡುಗನಿಗೆ ಎರಡು ಏಟು ಕೊಟ್ಟಿದ್ದರು.

"ಏನಾಯ್ತು ಮುನಿರಾಮಪ್ಪಾ?" ಎಂದು ಯಾರೋ ಕೇಳಿದರು.

ಕೈ ಮುರಿದ ನೋವಿನಲ್ಲಿ, ನಾಲಿಗೆಗೆ ಮೊದಲು ಸಿಕ್ಕಿದ್ದನ್ನು ಮುನಿರಾಮಪ್ಪ ಹೇಳಿದ. "ಅವನೇ ಬಂದು ಗುದ್ದಿದ."

ಆ ಮೂರು ಪದಗಳನ್ನು ಆಮೇಲೆ ಊರೇ ಹೇಳಿತು. ಬೋಂಡ ಕರಿಯುತ್ತಿದ್ದ ಭಾರತಮ್ಮ, ಗುಡಿಗೂ ತನ್ನ ಹೋಟೆಲಿಗೂ ಅರ್ಧ ಫರ್ಲಾಂಗು ಇದ್ದರೂ, ಕಣ್ಣಾರೆ ನೋಡಿದೆ ಎಂದಳು. ಉಮಾಶಂಕರ ಆಸ್ಪತ್ರೆಯಿಂದ ನೇರ ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಟ್ಟ. ಕ್ಯಾಂಟರನ್ನು ಸ್ಟೇಷನ್ನಿನ ಬೇಲಿಯ ಪಕ್ಕ ನಿಲ್ಲಿಸಿದರು.

"ನಿಮ್ಮ ತಂದೆ ಸೈಕಲ್ಲಲ್ಲಿ ಕ್ಯಾಮೆರಾ ಇದೆಯಂತಲ್ಲ," ಎಂದರು ಸಬ್ ಇನ್ಸ್‌ಪೆಕ್ಟರು. "ವಿಡಿಯೊ ತಂದ್ಕೊಡಿ. ನೋಡಿ ಕೇಸ್ ಹಾಕ್ತೀನಿ. ಲೈಸೆನ್ಸೂ ಹೋಗುತ್ತೆ ಅವನ್ದು."

ಕ್ಯಾಮೆರಾ ಸಿಕ್ಕಿತು, ಗಾಜು ಬಿರಿದಿತ್ತು. ಒಳಗೆ ಕಾರ್ಡಿರಲಿಲ್ಲ.

ಕಾರ್ಡು ಎಲ್ಲಿದೆ ಎಂದು ಗೊತ್ತಿದ್ದವನು ಒಬ್ಬನೇ. ಕ್ಯಾಂಟರಿನಲ್ಲಿ ಕೋಲಾರದ ಆಸ್ಪತ್ರೆಗೆ ಹೋಗುವಾಗ ಯಾರೋ ಬಿಚ್ಚಿ ಮಡಿಲಲ್ಲಿಟ್ಟಿದ್ದ ಕ್ಯಾಮೆರಾದಿಂದ, ಚಿತ್ರಾ ದಿನವೂ ಮಾಡುತ್ತಿದ್ದ ಹಾಗೆಯೇ, ಮುನಿರಾಮಪ್ಪ ಬಲಗೈಯ ಉಗುರಿನಿಂದ ಕಾರ್ಡನ್ನು ಒತ್ತಿ ತೆಗೆದು ಎಲೆಅಡಿಕೆ ಚೀಲದ ಒಳಜೇಬಿಗೆ ಹಾಕಿಕೊಂಡಿದ್ದ. ಎಡಗೈ ಮುರಿದಿತ್ತು. ಪಕ್ಕದಲ್ಲಿ ಹುಡುಗ ಅಳುತ್ತ ಗಾಡಿ ಓಡಿಸುತ್ತಿದ್ದ.

ಭಾನುವಾರ ಉಮಾಶಂಕರ, ರಜನಿ, ಚಿತ್ರಾ ಮೂವರೂ ಹಿಟ್ಟಿನ ಜರಡಿ ತೆಗೆದುಕೊಂಡು ಹೋಗಿ ಮೋರಿಯ ಪಕ್ಕದ ಮಣ್ಣನ್ನು ಜರಡಿ ಹಿಡಿದರು. ಎರಡು ಬಾಟಲಿ ಮುಚ್ಚಳ, ಒಂದು ಗಾಜಿನ ಬಳೆ ಚೂರು, ಯಾರದೋ ಗೋಲಿ ಸಿಕ್ಕಿದವು. ಮನೆಗೆ ಬಂದು ಕೈಕಾಲು ತೊಳೆಯುವಾಗ ರಜನಿಯ ಮಂಡಿಯ ತುಂಬ ಕೆಸರು. ಜಗಲಿಯ ಮೇಲೆ ಕೈಗೆ ಕಟ್ಟು ಹಾಕಿಸಿಕೊಂಡು ಕೂತ ಮುನಿರಾಮಪ್ಪ ಅದನ್ನು ನೋಡಿ ಮುಖ ತಿರುಗಿಸಿದ.

"ನೋವಾ ಮಾವ?"

"ಹೂಂ. ಒಂಚೂರು."

ಬುಧವಾರ ಆ ಹುಡುಗನೇ ಬಂದ. ಗೋಪಿ ಎಂದು ಹೆಸರು, ಮಾಲೂರಿನ ಕಡೆ ಲಕ್ಕೂರಿನವನು. ಒಂದು ಬುಟ್ಟಿ ಮಲಗೋವ ಮಾವು ತಂದಿದ್ದ. ಇನ್ನೂ ಗಟ್ಟಿ ಕಾಯಿ. ಜಗಲಿ ಹತ್ತದೆ ಕೆಳಗೇ ನಿಂತ.

"ಆರು ವರ್ಷ ಕ್ಲೀನರ್ ಆಗಿದ್ದೆ ಅಣ್ಣ," ಎಂದ ಉಮಾಶಂಕರನಿಗೆ. "ಈ ವರ್ಷ ಸ್ಟೇರಿಂಗ್ ಕೊಟ್ರು. ಲೈಸೆನ್ಸ್ ಹೋದ್ರೆ ಮತ್ತೆ ಕ್ರೇಟ್ ಹೊರೋದೇ. ಓನರ್ ಸೋಮವಾರದವರೆಗೂ ನೋಡ್ತೀನಿ, ಆಮೇಲೆ ಬೇರೆಯವನನ್ನ ಇಟ್ಕೋತೀನಿ ಅಂದವ್ರೆ."

"ಗುದ್ದೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು."

"ನಾನು ಗುದ್ದಲಿಲ್ಲಣ್ಣ. ನಾನು ದೂರದಲ್ಲೇ ಹೋಗ್ತಿದ್ದೆ. ತಾತ ಎರಡೂ ಕೈ ಬಿಟ್ಟು ದೇವರಿಗೆ ಮುಗಿದ್ರು. ಸೈಕಲ್ಲು ತಿರುಗಿ ನನ್ನ ಕಡೇನೇ ಬಂತು. ಬ್ರೇಕ್ ಹೊಡೆದೆ, ಆದ್ರೂ..."

"ಎರಡೂ ಕೈ ಬಿಟ್ಟು? ಸೈಕಲ್ ಮೇಲೆ?" ಉಮಾಶಂಕರ ನಕ್ಕ. "ಪ್ರೂಫ್ ಇದೆಯೇನ್ಲಾ?"

"ನಿಮ್ ಕ್ಯಾಮೆರಾದಲ್ಲೇ ಇರುತ್ತಲ್ಲಣ್ಣ."

"ಕಾರ್ಡ್ ಇಲ್ಲ ಅಂತ ಗೊತ್ತಾಗಿ ಬಂದಿದ್ದೀಯ ನೀನು."

ಗೋಪಿ ಮುನಿರಾಮಪ್ಪನ ಮುಖ ನೋಡಿದ. "ನೀವೇ ಹೇಳಿ ತಾತ."

ಮುನಿರಾಮಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದ.

"ಪಾಪಂ, ಪಿಲ್ಲೋಡು," ಎಂದಳು ದೊಡ್ಡಗಂಗಮ್ಮ. ಪಾಪ, ಹುಡುಗ ಎಂದು. ಕನಿಕರ ಬಂದಾಗ ಅವಳಿಗೆ ತೆಲುಗೇ ಬಾಯಿಗೆ ಬರುತ್ತಿತ್ತು. ಆದರೂ ಮಗನ ಮುಖ ನೋಡಿ, "ಹಣ್ಣು ಬೇಡಪ್ಪ, ತಗೊಂಡೋಗು," ಎಂದಳು. ಗೋಪಿ ಬುಟ್ಟಿಯನ್ನು ಜಗಲಿಯ ತುದಿಯಲ್ಲೇ ಬಿಟ್ಟು ಹೋದ.

ಯಾರೂ ಆ ಬುಟ್ಟಿಯನ್ನು ಒಳಗೆ ತರಲಿಲ್ಲ, ಬಿಸಾಕಲೂ ಇಲ್ಲ. ಗುರುವಾರ ಕಾಯಿಗಳು ಬಣ್ಣ ತಿರುಗಿದವು. ಶುಕ್ರವಾರ ವಾಸನೆ ಜಗಲಿ ದಾಟಿ ನಡುಮನೆಗೆ ಬಂತು. ಶನಿವಾರ ಮುದ್ದೆ, ಸೊಪ್ಪಿನ ಸಾರು, ಹಾಸಿಗೆ, ಹೊದಿಕೆ ಎಲ್ಲವೂ ಮಲಗೋವದ ವಾಸನೆಯೇ ಆದವು. ಮಾವಿನ ಹಣ್ಣೆಂದರೆ ಸಿಪ್ಪೆ ಬಿಡದ ಮುನಿರಾಮಪ್ಪ ಊಟ ಅರ್ಧಕ್ಕೇ ಬಿಟ್ಟೆದ್ದ.

"ಏನಾಗಿದೆ ಮಾವನಿಗೆ?" ಎಂದಳು ರಜನಿ.

"ಸೈಕಲ್ ಇಲ್ಲ ಅಂತ ಕೊರಗು," ಎಂದ ಉಮಾಶಂಕರ. "ಕೈ ಕಟ್ಟು ಬಿಚ್ಚಲಿ, ಓಡ್ಸಲಿ ಬಿಡು. ಅಪ್ಪಂದೇನೂ ತಪ್ಪಿರಲಿಲ್ಲವಲ್ಲ."

ಎಡಗೈ ಕಟ್ಟಿನಲ್ಲಿ ಇದ್ದುದರಿಂದ ಮುನಿರಾಮಪ್ಪನಿಗೆ ಎಲೆ ಮಡಿಸಲಾಗುತ್ತಿರಲಿಲ್ಲ. ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಕೊಡುವ ಕೆಲಸ ದೊಡ್ಡಗಂಗಮ್ಮನದಾಗಿತ್ತು. ಚೀಲವನ್ನು ಮಾತ್ರ ಅವನು ಕೈಬಿಡುತ್ತಿರಲಿಲ್ಲ. ಒಂದೊಂದೇ ಸಾಮಾನು ಎತ್ತಿಕೊಡುತ್ತಿದ್ದ. ಶನಿವಾರ ಮಧ್ಯಾಹ್ನ ಅವನು ತೂಕಡಿಸುವಾಗ ಅವಳೇ ಚೀಲಕ್ಕೆ ಕೈ ಹಾಕಿದಳು. ಲವಂಗ ಹುಡುಕಿದವಳಿಗೆ ಕಾರ್ಡು ಸಿಕ್ಕಿತು.

"ಏನಯ್ಯಾ ಇದು?"

ಅವನಿಗೆ ಎಚ್ಚರವಾಯಿತು. "ಸಿಮ್ಮು."

"ಯಾರ ಸಿಮ್ಮು?"

"ಹಳೇದು."

"ಚಿತ್ರಾ ದಿನಾ ಟೀವಿಗೆ ಹಾಕ್ತಿದ್ದಿದ್ದು ಇದೇ ತಾನೇ?"

ಮುನಿರಾಮಪ್ಪ ಅಂಗಳದ ಕಡೆ ನೋಡಿದ. ಬಾಗಿದ ಹ್ಯಾಂಡಲಿನ ಸೈಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಅದರ ಸೀಟಿನ ಮೇಲೆ ಕೋಳಿ ಕೂತಿತ್ತು.

"ಆ ಹುಡ್ಗ ಹೇಳಿದ್ದು ನಿಜಾನಾ?"

"ಒಂದೇ ಕೈ ಎತ್ತೋಕೆ ಆಗುತ್ತೇನೇ ದೇವರಿಗೆ? ಒಂದು ಕೈ ಎತ್ತೋದು ಪೊಲೀಸ್‌ನವರಿಗೆ. ನಮ್ಮವ್ವ ಕಲಿಸಿದ್ದು. ಮೂವತ್ತೊಂದು ವರ್ಷ ಎರಡೂ ಕೈಯಲ್ಲೇ ಮುಗಿದಿದ್ದೀನಿ. ಒಂದಿನ ಏನೂ ಆಗಿಲ್ಲ."

"ಆವತ್ತು ಆಯ್ತಲ್ಲ."

"ಕೊಟ್ರೆ ಸೈಕಲ್ ಹೋಗುತ್ತೆ ಕಣೇ." ಅವನ ದನಿ ಸಣ್ಣದಾಗಿತ್ತು.

"ಅವನ ಗಾಡಿ ಹೋಗಿದೆಯಲ್ಲ." ದೊಡ್ಡಗಂಗಮ್ಮ ಕಾರ್ಡನ್ನು ಒಳಜೇಬಿಗೇ ಹಾಕಿ ಚೀಲದ ದಾರ ಬಿಗಿದಳು. "ನಾನು ಯಾರಿಗೂ ಹೇಳಲ್ಲ. ಕೊಡೋದಾದ್ರೆ ನೀನೇ ಕೊಡು." ಎಲೆ ಮಡಿಸಿ ಅವನ ಕೈಗಿತ್ತು ಎದ್ದುಹೋದಳು. ಲವಂಗ ಹಾಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಇಡ್ಲಿಯ ತಟ್ಟೆಯ ಪಕ್ಕ ಮುನಿರಾಮಪ್ಪ ಕಾರ್ಡನ್ನಿಟ್ಟ.

"ಹಾಕಮ್ಮ ಚಿತ್ರಾ."

"ತಾತ! ಎಲ್ಲಿ ಸಿಕ್ತು?"

"ಹಾಕು ಅಂದೆ."

ಟೀವಿಯಲ್ಲಿ ರಸ್ತೆ ಬಂತು. ಬೆಳಗಿನ ಸೂರ್ಯ ಬೆನ್ನಿಗಿದ್ದುದರಿಂದ ಸೈಕಲ್ಲು, ಕ್ಯಾನು, ಮನುಷ್ಯ ಮೂರರ ನೆರಳೂ ರಸ್ತೆಯ ಮೇಲೆ ಉದ್ದಕ್ಕೆ ಮುಂದೆ ಮುಂದೆ ಹೋಗುತ್ತಿತ್ತು. ಇಷ್ಟು ದಿನ ಎಲ್ಲರೂ ಗಾಡಿ ನೋಡಿದ್ದರು, ನೆರಳನ್ನು ಯಾರೂ ನೋಡಿರಲಿಲ್ಲ. ಗುಡಿಯ ಗೋಪುರ ಕಂಡಿತು. "ಅಪ್ಪಾ ಆಂಜನೇಯ" ಎಂಬ ದನಿ ಕೇಳಿತು. ನೆರಳಿನ ಎರಡೂ ಮೊಳಕೈ ಅಗಲವಾಗಿ, ಕೈಗಳು ಎದ್ದು ತಲೆಯ ಮೇಲೆ ಜೋಡಿಸಿಕೊಂಡವು. ನೆರಳು ಬಲಕ್ಕೆ ವಾಲಿತು. ಹಿಂದಿನಿಂದ ಹಾರ್ನು, ಟೈರು ಉಜ್ಜಿದ ಸದ್ದು, ಆಮೇಲೆ ಆಕಾಶ.

ಅವತ್ತು ದೊಡ್ಡಗಂಗಮ್ಮ ಟೀವಿಗೆ ಕೈ ಮುಗಿಯಲಿಲ್ಲ.

"ಹನ್ನೆರಡು ದಿನ," ಎಂದ ಉಮಾಶಂಕರ. "ಹನ್ನೆರಡು ದಿನ ಜೇಬಲ್ಲಿಟ್ಕೊಂಡು ನಮ್ಮ ಕೈಲಿ ಮೋರಿ ಜರಡಿ ಹಿಡಿಸ್ದೆ ನೀನು?"

"ಹೂಂ."

"ಯಾಕಪ್ಪಾ?"

"ನೀನು ಸೈಕಲ್ ಕಿತ್ಕೋತೀಯ ಅಂತ."

ಉಮಾಶಂಕರ ತಟ್ಟೆ ಸರಿಸಿದ. ನಡುಮನೆಯಲ್ಲಿ ಎರಡು ಸಲ ಓಡಾಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ. "ನೋಡಿ, ದೂರು ಕೊಟ್ಟಿರೋದು ನಾನು. ಸೈನ್ ನಂದು. ಈಗ ಹೋಗಿ ನಮ್ಮಪ್ಪಂದೇ ತಪ್ಪು ಅಂದ್ರೆ ಅಲ್ಲಿ ನನ್ನ ಮುಖ ಏನಾಗ್ಬೇಕು? ಕಾರ್ಡ್ ಸಿಕ್ಕಿಲ್ಲ ಅಂತಲೇ ಇರ್ಲಿ. ದೂರು ಸುಮ್ನೆ ಹಂಗೇ ಬಿದ್ದಿರ್ಲಿ, ತಾನೇ ತಣ್ಣಗಾಗುತ್ತೆ."

"ಪ್ರೂಫ್ ಬೇಕು ಅಂತಿದ್ದೆಯಲ್ಲಪ್ಪ," ಎಂದಳು ಚಿತ್ರಾ.

"ಏಯ್, ಓದ್ಕೋ ಹೋಗು ನೀನು."

"ನಾಳೆ ಸೋಮವಾರ ರೀ," ಎಂದಳು ರಜನಿ. "ಆ ಹುಡುಗನ ಓನರ್ ಸೋಮವಾರದವರೆಗೂ ಅಂದಿದ್ನಂತೆ. ತಣ್ಣಗಾಗೋದು ಅವನ ಹೊಟ್ಟೆ."

ಮುನಿರಾಮಪ್ಪ ಅಷ್ಟರಲ್ಲಿ ಎದ್ದು, ಬಲಗೈಯೊಂದನ್ನೇ ಅಂಗಿಗೆ ತೂರಿಸಿ, ಇನ್ನೊಂದು ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ರಜನೀ, ಸ್ಕೂಟರ್ ತೆಗಿಯಮ್ಮ. ಎಂಟು ನಿಮಿಷದ ಕೆಲ್ಸ ಅಂದಿದ್ದೆಯಲ್ಲ."

ಸ್ಟೇಷನ್ನಿಗೆ ಎಂಟು ನಿಮಿಷಕ್ಕಿಂತ ಬಹಳ ಹೆಚ್ಚು ಹಿಡಿಯಿತು. ಉಮಾಶಂಕರ ಐದು ನಿಮಿಷ ತಡವಾಗಿ ಬೈಕಿನಲ್ಲಿ ಹಿಂದೆಯೇ ಬಂದ. ಸಬ್ ಇನ್ಸ್‌ಪೆಕ್ಟರು ವಿಡಿಯೊ ನೋಡಿದರು. ಇಬ್ಬರು ಕಾನ್‌ಸ್ಟೇಬಲ್ಲುಗಳು ಇನ್ನೊಂದು ಸಲ ಹಾಕಿಸಿ ನೋಡಿದರು.

"ಈಗ ನಾನು ಯಾರ ಮೇಲೆ ಕೇಸ್ ಹಾಕ್ಲಿ ಯಜಮಾನ್ರೇ? ದೇವರ ಮೇಲಾ?"

"ನನ್ನ ಮೇಲೆ ಹಾಕಿ ಸ್ವಾಮಿ. ಹುಡುಗನ್ನ ಬಿಡಿ."

ಉಮಾಶಂಕರ ದೂರು ವಾಪಸ್ಸು ಪಡೆದ ಕಾಗದಕ್ಕೆ ಸೈನು ಮಾಡಿದ. ಗೋಪಿಗೆ ಫೋನು ಮಾಡಿದವಳು ರಜನಿ. ಅವನು ಸಂಜೆಯ ಹೊತ್ತಿಗೆ ಬಂದು ಕ್ಯಾಂಟರಿನ ಬೀಗದ ಕೈ ತೆಗೆದುಕೊಂಡ. ಮುನಿರಾಮಪ್ಪ ಅಲ್ಲಿಯವರೆಗೂ ಸ್ಟೇಷನ್ನಿನ ಬೆಂಚಿನ ಮೇಲೆ ಕಾದು ಕೂತಿದ್ದ.

"ನಾಲ್ಕು ಜನದ ಮುಂದೆ ಏಟು ತಿಂದಿದ್ದೀಯ," ಎಂದ. "ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲಪ್ಪ."

"ಬಿಡಿ ತಾತ," ಎಂದ ಗೋಪಿ. "ನಾನೂ ಆ ಗುಡಿ ಹತ್ರ ಕೈ ಎತ್ತುತ್ತೀನಿ. ಒಂದೇ ಕೈ."

"ಒಂದೇ ಕೈನಾ?" ಮುನಿರಾಮಪ್ಪನಿಗೆ ಅದು ಸರಿಬರಲಿಲ್ಲ. ಆದರೂ ಅವತ್ತು ತಲೆಯಾಡಿಸಿದ.

ರಾತ್ರಿ ದೊಡ್ಡಗಂಗಮ್ಮ ಮಾವಿನ ಬುಟ್ಟಿಯನ್ನು ಒಳಗೆ ತಂದಳು. ಅರ್ಧ ಕೊಳೆತಿದ್ದವು, ಹಸುಗಳಿಗೆ ಹೋದವು. ಉಳಿದರ್ಧವನ್ನು ಹಿಂಡಿ ಸೀಕರಣೆ ಮಾಡಿದಳು. ಚಪಾತಿಯ ಜೊತೆ ಎಲ್ಲರೂ ತಿಂದರು. ಉಮಾಶಂಕರ ಮೊದಲು ಬೇಡವೆಂದು, ಆಮೇಲೆ ಎರಡು ಸಲ ಹಾಕಿಸಿಕೊಂಡ. ಮುನಿರಾಮಪ್ಪನಿಗೆ ಒಂದೇ ಚಮಚ ಬಡಿಸಿದರು, ಶುಗರು.

"ಅಪ್ಪ," ಎಂದ ಉಮಾಶಂಕರ ಕೈ ತೊಳೆದುಕೊಂಡು ಬಂದು. "ಗುಡಿ ಹತ್ರ ಇಳಿದು, ಸೈಕಲ್ ನಿಲ್ಲಿಸಿ ಮುಗಿಯೋದಾದ್ರೆ..."

"ಬೇಡ ಕಣೋ. ನನ್ನ ತಪ್ಪಿಂದ ಬಿದ್ರೆ ಅಂತ ಮಾತಾಗಿತ್ತು. ಬಿದ್ದೆ." ಅವನು ಚಮಚ ನೆಕ್ಕಿದ. "ನಿನ್ನ ಹತ್ರ ಪ್ರೂಫ್ ಇದೆ."

ಈಗ ಹಾಲು ರಜನಿಯ ಸ್ಕೂಟರಿನಲ್ಲಿ ಹೋಗುತ್ತದೆ. ಕ್ಯಾನು ಮುಂದೆ, ಮುನಿರಾಮಪ್ಪ ಹಿಂದೆ. ಗುಡಿಯ ಮುಂದೆ ಅವಳು ಗಾಡಿ ನಿಲ್ಲಿಸುತ್ತಾಳೆ, ಅವನು ಕಟ್ಟು ಬಿಚ್ಚಿದ ಕೈಯನ್ನೂ ಸೇರಿಸಿ ಎರಡೂ ಕೈ ಎತ್ತುತ್ತಾನೆ. ಡೇರಿಯಲ್ಲಿ ಅವನನ್ನು ಇಳಿಸಿ ಅವಳು ವಾಪಸ್ಸು ಬರುತ್ತಾಳೆ. ಅವನು ಪೇಪರು ಓದಿ, ವಾದ ಮಾಡಿ, ಎರಡು ಕಿಲೋಮೀಟರು ನಡೆದುಕೊಂಡು ಮನೆಗೆ ಬರುತ್ತಾನೆ. ಗೋಪಿ ಆ ಸೋಮವಾರದಿಂದಲೇ ಕ್ಯಾಂಟರಿಗೆ ಹೋದ. ಸೈಕಲ್ಲು ಗುರುವಾರ ಮುನ್ನೂರ ಎಂಬತ್ತು ರೂಪಾಯಿಗೆ ಗುಜರಿಗೆ ಹೋಯಿತು. ಬೆಲ್ಲಿಗೆ ಬೇರೆ ದುಡ್ಡು ಕೊಡಲಿಲ್ಲ.